ಹೆಸರಿನ ಮೂಲವೂ ಹೆಸರು ಹೊತ್ತವರ ಮೂಲವೂ

ಮನುಷ್ಯನು ತನ್ನ ಜೀವಮಾನದಲ್ಲಿ ಅತ್ಯಂತ ಹೆಚ್ಚು ಸಲ ಕೇಳುವ ಶಬ್ದವೆಂದರೆ ಅವನ ಹೆಸರು. ಅತ್ಯಂತ ಕಡಿಮೆ ಸಲ ಪರೀಕ್ಷಿಸುವ ಶಬ್ದವೂ ಬಹುಶಃ ಅದೇ. ಎಲೆಯನ್ನೂ ಕಲ್ಲನ್ನೂ ಕೀಟವನ್ನೂ ಭೂತಗನ್ನಡಿಯ ಕೆಳಗಿಟ್ಟು ನೋಡುವ ವಿದ್ಯಾರ್ಥಿಯು ಪಕ್ಕದ ಬೆಂಚಿನಲ್ಲಿ ಕುಳಿತ ಸಹಪಾಠಿಯ ಹೆಸರನ್ನು ಹಾಗೆ ನೋಡುವುದಿಲ್ಲ. ನೋಡದಿದ್ದರೆ ಆಗುವ ನಷ್ಟವೇನು ಎಂದು ಯಾರಾದರೂ ಕೇಳಬಹುದು. ನಷ್ಟವಿದೆ. ಪರೀಕ್ಷಿಸದ ಹೆಸರಿನ ಮೇಲೆ ನಾವು ಅವಸರದ ತೀರ್ಮಾನಗಳನ್ನು ಕಟ್ಟುತ್ತೇವೆ. ಈ ಹೆಸರು ನಮ್ಮದು, ಆ ಹೆಸರು ಹೊರಗಿನದು. ಆದುದರಿಂದ ಇವರು ನಮ್ಮವರು, ಅವರು ಹೊರಗಿನವರು: ಹೀಗೆ ಸಾಗುತ್ತದೆ ಆ ತರ್ಕ. ಈ ‘ಆದುದರಿಂದ’ ಎಂಬ ಮಾತಿಗೆ ವಿಜ್ಞಾನದ ಬೆಂಬಲವಿದೆಯೆ ಎಂಬುದನ್ನು ಒಂದೇ ಒಂದು ಹೆಸರನ್ನು ತೆಗೆದುಕೊಂಡು ಇಲ್ಲಿ ವಿಚಾರಿಸೋಣ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಯಾವ ಪ್ರೌಢಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಕೆಂಪಮ್ಮ, ಲಕ್ಷ್ಮಿ, ಮೇರಿ ಮುಂತಾದ ಹೆಸರುಗಳ ಸಾಲಿನಲ್ಲಿ ‘ಬೇಗಂ’ ಎಂದೋ ‘ಖಾನಂ’ ಎಂದೋ ಮುಗಿಯುವ ಹೆಸರುಗಳು ಕಾಣದೆ ಇರುವುದು ಅಪರೂಪ. ರೇಷ್ಮೆ ಬಿಚ್ಚುವ ಮನೆಗಳಲ್ಲಿ, ಮರದ ಬೊಂಬೆಗಳಿಗೆ ಅರಗಿನ ಬಣ್ಣ ಕೂರಿಸುವ ಕೇರಿಗಳಲ್ಲಿ ಈ ಹೆಸರುಗಳು ತಲೆಮಾರುಗಳಿಂದ ಕೇಳಿಬರುತ್ತಿವೆ. ಇವು ಅರಬ್ಬೀ ಪದಗಳೆಂದು ಹಲವರ ನಂಬಿಕೆ. ಪಾರಸಿ ಎಂದು ಕೆಲವರದು. ಎರಡೂ ಸರಿಯಲ್ಲ. ಬೇಗಂ, ಖಾನಂ ಎರಡೂ ತುರ್ಕಿ ಭಾಷಾ ಕುಟುಂಬದ ವ್ಯಾಕರಣದಲ್ಲಿ ಹುಟ್ಟಿದ ರೂಪಗಳು. ಇಂದಿಗೂ ಟರ್ಕಿ ದೇಶದಲ್ಲಿ ‘ಬೆಗ್ಯುಮ್’ ಎಂಬುದು ಹೆಣ್ಣುಮಕ್ಕಳಿಗೆ ಇಡುವ ಹೆಸರು.

ಈ ಪದವನ್ನು ಬಿಡಿಸಿ ನೋಡುವುದು ಕನ್ನಡಿಗರಿಗೆ ಕಷ್ಟವಲ್ಲ. ಏಕೆಂದರೆ ತುರ್ಕಿಯೂ ಕನ್ನಡದಂತೆ ಪ್ರಕೃತಿಗೆ ಪ್ರತ್ಯಯಗಳನ್ನು ಒಂದರ ಹಿಂದೊಂದು ಅಂಟಿಸುತ್ತ ಹೋಗುವ ಭಾಷೆ. ನಾವು ‘ಮನೆ’ ಎಂಬ ಪ್ರಕೃತಿಗೆ ‘ಗಳು’ ಸೇರಿಸಿ, ಅದರ ಮೇಲೆ ಸಪ್ತಮಿಯ ಪ್ರತ್ಯಯ ಸೇರಿಸಿ ‘ಮನೆಗಳಲ್ಲಿ’ ಎನ್ನುತ್ತೇವೆ. ತುರ್ಕಿಯವರು ‘ಎವ್’ ಎಂಬ ಪ್ರಕೃತಿಗೆ ಬಹುವಚನದ ‘ಲೆರ್’, ಸಪ್ತಮಿಯ ‘ದೆ’ ಸೇರಿಸಿ ‘ಎವ್‌ಲೆರ್‌ದೆ’ ಎನ್ನುತ್ತಾರೆ. ವ್ಯತ್ಯಾಸವೊಂದಿದೆ. ‘ನನ್ನ’ ಎಂಬ ಅರ್ಥವನ್ನು ನಾವು ಬೇರೆ ಪದವಾಗಿ ಮುಂದೆ ಇಟ್ಟರೆ, ಅವರು ಅದನ್ನೂ ಪ್ರತ್ಯಯವಾಗಿ ಹಿಂದೆ ಅಂಟಿಸುತ್ತಾರೆ. ಆ ಪ್ರತ್ಯಯದ ಸ್ಥಿರವಾದ ಭಾಗ ಮಕಾರ. ‘ಇಪ್’ ಎಂದರೆ ದಾರ. ‘ಇಪಿಮ್’ ಎಂದರೆ ನನ್ನ ದಾರ. ‘ಯೋಲ್’ ಎಂದರೆ ದಾರಿ. ‘ಯೋಲುಮ್’ ಎಂದರೆ ನನ್ನ ದಾರಿ. ಮಕಾರದ ಹಿಂದಿನ ಸ್ವರವು ಪ್ರಕೃತಿಯಲ್ಲಿರುವ ಸ್ವರಕ್ಕೆ ಹೊಂದಿಕೊಂಡು ಬದಲಾಗುತ್ತದೆ. ಒಂದೇ ಪದದೊಳಗಿನ ಸ್ವರಗಳು ಪರಸ್ಪರ ಒಪ್ಪಿಕೊಂಡು ನಡೆಯುವ ಈ ನಿಯಮಕ್ಕೆ ಸ್ವರಸಾಮರಸ್ಯವೆಂದು ಹೆಸರಿಡಬಹುದು.

ಈಗ ‘ಬೆಗ್’ ಎಂಬ ಹಳೆಯ ತುರ್ಕಿ ಪದವನ್ನು ನೋಡಿ. ಒಡೆಯ, ನಾಯಕ, ಪಾಳೆಯಗಾರ ಎಂದು ಅದರ ಅರ್ಥ. ಅದಕ್ಕೆ ‘ನನ್ನ’ ಎಂಬರ್ಥದ ಪ್ರತ್ಯಯ ಸೇರಿದರೆ ‘ಬೆಗುಮ್’, ಎಂದರೆ ‘ನನ್ನ ಒಡೆಯ’. ಹಾಗೆಯೇ ‘ಖಾನ್’ ಎಂದರೆ ಅರಸು. ‘ಖಾನುಮ್’ ಎಂದರೆ ‘ನನ್ನ ಅರಸು’. ಮೊದಲನೆಯದು ನಮ್ಮಲ್ಲಿ ಬೇಗಂ ಆಯಿತು. ಎರಡನೆಯದು ಖಾನುಂ ಅಥವಾ ಖಾನಂ ಆಯಿತು. ಹೆಂಗಸಿನ ಹೆಸರಿನೊಳಗೆ ‘ಒಡೆಯ’ ಎಂಬ ಪುಲ್ಲಿಂಗ ಹೇಗೆ ಬಂದಿತೆಂದು ಆಶ್ಚರ್ಯಪಡಬೇಕಾಗಿಲ್ಲ. ತುರ್ಕಿ ಭಾಷೆಯಲ್ಲಿ ವ್ಯಾಕರಣಲಿಂಗವೆಂಬುದೇ ಇಲ್ಲ. ಅದೂ ಅಲ್ಲದೆ ಇವು ಮೊದಲಿಗೆ ಸಂಬೋಧನೆಯ ಮಾತುಗಳು. ನಮ್ಮ ಹಳ್ಳಿಗಳಲ್ಲಿ ತಾಯಿಯು ತನ್ನ ಪುಟ್ಟ ಮಗನನ್ನು ‘ಬಾ ನನ್ನಪ್ಪ’ ಎಂದೂ ಮಗಳನ್ನು ‘ಬಾ ನನ್ನವ್ವ’ ಎಂದೂ ಕರೆಯುವುದಿಲ್ಲವೆ? ಅಲ್ಲಿ ಮಗನು ಅಪ್ಪನಲ್ಲ, ಮಗಳು ಅವ್ವನಲ್ಲ. ಅಕ್ಕರೆಯೂ ಗೌರವವೂ ಆ ಪದಗಳನ್ನು ಆರಿಸಿಕೊಂಡಿವೆ. ಫ್ರೆಂಚರ ‘ಮದಾಂ’ ಎಂಬುದೂ ‘ನನ್ನ ಒಡತಿ’ ಎಂಬ ಎರಡು ಪದಗಳು ಬೆಸೆದುಕೊಂಡು ಆದುದು. ಸಂಬೋಧನೆ ಮೊದಲು ಬಿರುದಾಗುತ್ತದೆ, ಬಿರುದು ಹೆಸರಾಗುತ್ತದೆ, ಹೆಸರು ಕೊನೆಗೆ ವಾಡಿಕೆಯಾಗುತ್ತದೆ. ಬಾಬರನ ಮನೆತನದಲ್ಲಿ ಖಾನರ ಹೆಣ್ಣುಮಕ್ಕಳು ಖಾನುಂ, ತೈಮೂರನ ವಂಶದ ಹೆಣ್ಣುಮಕ್ಕಳು ಬೇಗಂ. ತನ್ನ ಅಣ್ಣ ಹುಮಾಯೂನನ ಚರಿತ್ರೆಯನ್ನು ಬರೆದ ಗುಲ್‌ಬದನ್ ಬೇಗಂ ಬಾಬರನ ಮಗಳು. ಅಂದು ರಾಜಕುಮಾರಿಯರಿಗೆ ಮೀಸಲಾಗಿದ್ದ ಪದವನ್ನು ಇಂದು ನೂಲು ತೆಗೆಯುವ ಕಾರ್ಮಿಕಳೂ ಶಾಲೆಯ ಬಾಲಿಕೆಯೂ ಹೊತ್ತಿದ್ದಾರೆ. ಇದು ಪದದ ಪತನವೆಂದು ಭಾವಿಸುವವರು ಭಾವಿಸಲಿ. ಒಂದು ಗೌರವವು ಅರಮನೆಯಿಂದ ಬೀದಿಗಿಳಿದು ಎಲ್ಲರಿಗೂ ಹಂಚಿಕೆಯಾಯಿತೆಂದು ನಾನು ಭಾವಿಸುತ್ತೇನೆ.

ಇನ್ನೊಂದು ಸಂಗತಿ ಸ್ವಾರಸ್ಯವಾಗಿದೆ. ಟರ್ಕಿಯ ಇಂದಿನ ಮಾತಿನಲ್ಲಿ ‘ಬೆಗ್’ ಎಂಬುದು ಸವೆದು ‘ಬೇಯ್’ ಎಂದಾಗಿದೆ. ‘ಖಾನುಮ್’ ಎಂಬುದು ‘ಹನಿಮ್’ ಎಂಬಂತೆ ಕೇಳುತ್ತದೆ. ಗಕಾರ ಯಕಾರವಾಯಿತು, ಖಕಾರ ಹಕಾರವಾಯಿತು. ನಮ್ಮಲ್ಲಿಯೂ ಹಳಗನ್ನಡದ ‘ಪಾಲ್’ ‘ಹಾಲು’ ಆಯಿತು, ‘ಪೂ’ ‘ಹೂ’ ಆಯಿತಷ್ಟೆ. ಆದರೆ ಟರ್ಕಿಯಿಂದ ಸಾವಿರಾರು ಮೈಲಿ ದೂರದ ಚನ್ನಪಟ್ಟಣದ ಬಾಯಲ್ಲಿ ಹಳೆಯ ಗಕಾರವೂ ಖಕಾರವೂ ಹಾಗೆಯೇ ನಿಂತಿವೆ. ಜೀವಿ ಅಳಿದರೂ ಅದರ ಅಚ್ಚು ಬಂಡೆಯಲ್ಲಿ ಉಳಿಯುವಂತೆ, ತಾಯಿನೆಲದಲ್ಲಿ ಸವೆದುಹೋದ ಧ್ವನಿಯು ಎರವಲು ಪಡೆದ ನೆಲದಲ್ಲಿ ಉಳಿಯುತ್ತದೆ. ಹೆಸರುಗಳು ಭಾಷೆಯ ಪಳೆಯುಳಿಕೆಗಳು ಎನ್ನಲು ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಈ ಪದಗಳು ಇಲ್ಲಿಗೆ ಬಂದ ದಾರಿ ಯಾವುದು? ಮಧ್ಯ ಏಷ್ಯದಿಂದ ಬಂದ ಅರಸುಮನೆತನಗಳ ಆಡಳಿತ ಭಾಷೆ ಪಾರಸಿಯಾಗಿತ್ತು. ತುರ್ಕಿಯ ಬಿರುದುಗಳು ಪಾರಸಿಯ ಪಲ್ಲಕ್ಕಿಯಲ್ಲಿ ಕುಳಿತು ದೆಹಲಿಗೂ ದಖನಿಗೂ ಬಂದವು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನು ಬೆಂಗಳೂರನ್ನು ಹಿಡಿದಾಗ ಅಲ್ಲಿನ ಕೆಂಪೇಗೌಡನು ಮಾಗಡಿಗೆ ಸರಿದು ಅಲ್ಲಿಂದ ಆಳಿದನು. ಆ ಸೇನಾಪತಿಯ ಹೆಸರಿನ ‘ಖಾನ್’ ಎಂಬುದೇ ನಮ್ಮ ‘ಖಾನಂ’ ಪದದ ಪ್ರಕೃತಿ. 1786ರಲ್ಲಿ ಟಿಪ್ಪು ಸುಲ್ತಾನನು ತುರ್ಕರ ಸುಲ್ತಾನನಿದ್ದ ಕಾನ್‌ಸ್ಟಾಂಟಿನೋಪಲಿಗೆ ದೂತರನ್ನು ಕಳುಹಿಸಿದ್ದುಂಟು. ಆದರೆ ಬೇಗಂ, ಖಾನಂಗಳು ಅದಕ್ಕೂ ಬಹಳ ಹಿಂದೆಯೇ ದಖನಿನಲ್ಲಿ ನೆಲೆಯೂರಿದ್ದವು. ಹೆಸರುಗಳು ಒಂಟಿಯಾಗಿಯೂ ಬರಲಿಲ್ಲ. ಹಳೆಯ ಕನ್ನಡ ಪತ್ರಗಳ ‘ತುಪಾಕಿ’ಯ ಮೂಲ ತುರ್ಕಿಯ ‘ತ್ಯುಫೆಕ್’. ಸೇನೆಯ ಪಾಳೆಯಕ್ಕೆ ತುರ್ಕಿಯಲ್ಲಿ ‘ಓರ್ದು’ ಎಂದು ಹೆಸರು. ಉರ್ದು ಭಾಷೆಯ ಹೆಸರು ಅದೇ. ನಮ್ಮ ಸಂಘಗಳಲ್ಲೆಲ್ಲ ಹಣದ ಲೆಕ್ಕ ಇಡುವ ‘ಖಜಾಂಚಿ’ಯನ್ನು ಗಮನಿಸಿ: ಖಜಾನೆ ಅರಬ್ಬೀ ಮೂಲದ್ದು, ಕೊನೆಯ ‘ಚಿ’ ಮಾತ್ರ ವೃತ್ತಿಯನ್ನು ಸೂಚಿಸುವ ತುರ್ಕಿ ಪ್ರತ್ಯಯ. ಖಜಾಂಚಿಯನ್ನು ಆರಿಸುವಾಗ ತುರ್ಕಿ ವ್ಯಾಕರಣವನ್ನು ಬಳಸುತ್ತಿದ್ದೇವೆಂದು ಯಾರಿಗಾದರೂ ಹೊಳೆದೀತೆ?

ಇಲ್ಲಿಗೆ ಪದದ ಮೂಲ ತಿಳಿದಂತಾಯಿತು. ಆದರೆ ಪದವನ್ನು ಹೊತ್ತವರ ಮೂಲ? ಬೇಗಂ ತುರ್ಕಿ ಪದವಾದುದರಿಂದ ಬೇಗಂ ಎಂಬ ಹೆಸರಿನವಳ ಪೂರ್ವಜರು ತುರ್ಕರು ಎನ್ನಬಹುದೆ? ಖಂಡಿತವಾಗಿಯೂ ಇಲ್ಲ. ಇದೇ ತರ್ಕವನ್ನು ಒಪ್ಪಿದರೆ ಮೇರಿ ಎಂಬ ಹೆಸರಿನ ಹುಡುಗಿಯು ಪ್ಯಾಲೆಸ್ಟೈನಿನಿಂದ ಬಂದವಳಾಗಬೇಕು. ಏಕೆಂದರೆ ಆ ಹೆಸರು ಹೀಬ್ರೂ ಮೂಲದ್ದು. ಲಕ್ಷ್ಮಿ ಎಂಬುದು ಸಂಸ್ಕೃತ ಪದ. ಆ ಹೆಸರಿನವರೆಲ್ಲರ ಮನೆಮಾತು ಸಂಸ್ಕೃತವಾಗಿತ್ತೆಂದು ಯಾರೂ ಹೇಳರು. ಶುದ್ಧ ಕನ್ನಡದ ಕೆಂಪಮ್ಮನ ಮೈಬಣ್ಣ ಕೆಂಪಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ರಕ್ತ ಹರಿಯುವ ಕಾಲುವೆ ಒಂದು. ಹೆಸರು ಹರಿಯುವ ಕಾಲುವೆ ಇನ್ನೊಂದು. ಹೆಸರನ್ನು ನೆರೆಯವರಿಂದ ಕಲಿಯಬಹುದು, ಆಳುವವರಿಂದ ಅನುಕರಿಸಬಹುದು, ಧರ್ಮಗ್ರಂಥದಿಂದ ಆರಿಸಬಹುದು, ಸಿನಿಮಾದಿಂದ ತರಬಹುದು. ರಕ್ತಸಂಬಂಧವನ್ನು ಹಾಗೆ ತರಲು ಬರುವುದಿಲ್ಲ. ಒಬ್ಬರ ವಂಶವನ್ನು ತಿಳಿಯಬೇಕಾದರೆ ವಂಶಾವಳಿ, ದಾಖಲೆ, ತಳಿವಿಜ್ಞಾನ ಎಂಬ ಬೇರೆ ಸಾಧನಗಳಿವೆ. ಹಾಜರಿ ಪುಸ್ತಕವು ಆ ಸಾಧನವಲ್ಲ.

ಇದನ್ನು ಮನದಟ್ಟು ಮಾಡಿಕೊಳ್ಳಲು ರಾಮನಗರದ ಬಂಡೆಗಳೇ ಸಾಕು. ಈ ಊರು ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್, ಅವನ ಪತನಾನಂತರ ಮೈಸೂರಿನ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ, ಸ್ವಾತಂತ್ರ್ಯಾನಂತರ ರಾಮನಗರ. 2007ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ರಾಜ್ಯ ಸರ್ಕಾರವು ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಿತು, ಪಟ್ಟಣ ಮಾತ್ರ ರಾಮನಗರವಾಗಿಯೇ ಉಳಿಯಿತು. ಆದರೆ ಭೂವಿಜ್ಞಾನಿಗಳು ಇಲ್ಲಿಂದ ಉತ್ತರಕ್ಕೂ ದಕ್ಷಿಣಕ್ಕೂ ಚಾಚಿರುವ ಶಿಲೆಯ ಪಟ್ಟಿಯನ್ನು ಜಗತ್ತಿನಾದ್ಯಂತ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಹೆಸರಿನ ವಯಸ್ಸು ಸುಮಾರು 220 ವರ್ಷ. ಹೆಸರು ಇಂಗ್ಲಿಷಿನದೆಂದ ಮಾತ್ರಕ್ಕೆ ರಾಮನ ಬೆಟ್ಟವನ್ನು ಬ್ರಿಟನ್ನಿನಿಂದ ಹಡಗಿನಲ್ಲಿ ತಂದರೆಂದು ಯಾವ ವಿದ್ಯಾರ್ಥಿಯಾದರೂ ಉತ್ತರ ಬರೆದರೆ ಗುರುಗಳು ಸೊನ್ನೆ ಕೊಡುತ್ತಾರೆ. ಕಲ್ಲಿನ ವಿಷಯದಲ್ಲಿ ನಗೆಪಾಟಲಾಗುವ ತರ್ಕವನ್ನು ಮನುಷ್ಯರ ವಿಷಯದಲ್ಲಿ ಗಂಭೀರವಾಗಿ ಪ್ರಯೋಗಿಸುವುದು ಯಾವ ನ್ಯಾಯ? ಇಲ್ಲಿಯೇ ಹುಟ್ಟಿ, ಇಲ್ಲಿಯ ರಾಗಿಯನ್ನುಂಡು, ಇಲ್ಲಿಯ ನೂಲನ್ನು ತೆಗೆದು, ಇಲ್ಲಿಯ ಮಣ್ಣಾಗುವವರನ್ನು ಹೆಸರಿನ ಎರಡಕ್ಷರ ನೋಡಿ ‘ಎಲ್ಲಿಯವರು?’ ಎಂದು ಕೇಳುವಾಗ ನಾವು ಮಾಡುತ್ತಿರುವುದು ಅದೇ ತಪ್ಪು ಲೆಕ್ಕ.

ಅದಿರಲಿ. ಹೆಸರಿನ ಅರ್ಥವೂ ಅದರ ಮೂಲವೂ ಒಂದೇ ಎಂಬ ಇನ್ನೊಂದು ಭ್ರಮೆಯಿದೆ. ಇದನ್ನು ಬಿಡಿಸಲು ಈ ನಾಡಿನ ಬದುಕಾದ ರೇಷ್ಮೆಯನ್ನೇ ತೆಗೆದುಕೊಳ್ಳೋಣ. ಟರ್ಕಿಯಲ್ಲಿ ಹೆಣ್ಣುಮಕ್ಕಳಿಗೆ ‘ಇಪೆಕ್’ ಎಂಬ ಹೆಸರನ್ನಿಡುತ್ತಾರೆ, ಹಾಗೆಂದರೆ ರೇಷ್ಮೆ. ನಮ್ಮಲ್ಲಿ ‘ರೇಷ್ಮಾ’ ಎಂದು ಹೆಸರಿಡುತ್ತಾರೆ, ಹಾಗೆಂದರೂ ರೇಷ್ಮೆ. ಅರ್ಥ ಒಂದೇ, ಮೂಲಗಳು ಬೇರೆ. ಮೇಲೆ ಹೇಳಿದ ‘ಇಪ್’ ಎಂಬ ದಾರಕ್ಕೆ ಅಲ್ಪಾರ್ಥದ ಪ್ರತ್ಯಯ ಸೇರಿ ಇಪೆಕ್ ಆಯಿತು: ಸಣ್ಣ ದಾರ, ಎಳೆ. ತಲೆ ಎಂಬರ್ಥದ ‘ಬಾಶ್’ ಪದಕ್ಕೆ ಅಂಥದೇ ಪ್ರತ್ಯಯ ಹತ್ತಿ ತೆನೆ ಎಂಬರ್ಥದ ‘ಬಾಶಾಕ್’ ಆಗಿದೆ. ಅದೂ ಅಲ್ಲಿ ಹೆಣ್ಣಿನ ಹೆಸರು. ನಮ್ಮ ರೇಷ್ಮೆಯಾದರೋ ಪಾರಸಿಯ ‘ಅಬ್ರೇಶಮ್’ ಎಂಬುದರಿಂದ ಇಳಿದುದು. ಸಂಸ್ಕೃತದ ‘ಕೌಶೇಯ’ವು ಗೂಡೆಂಬರ್ಥದ ‘ಕೋಶ’ದಿಂದಲೂ ‘ಚೀನಾಂಶುಕ’ವು ದೇಶದ ಹೆಸರಿನಿಂದಲೂ ಹುಟ್ಟಿದವು. ರೇಷ್ಮೆ ತರುವ ದೂರದ ಪೂರ್ವದ ಜನರನ್ನು ಗ್ರೀಕರು ‘ಸೇರೆಸ್’ ಎಂದು ಕರೆದರು. ಆ ಹೆಸರೇ ಇಂದು ಗೂಡಿನ ಅಂಟಿಗೆ ನಾವು ಹೇಳುವ ‘ಸೆರಿಸಿನ್’ನಲ್ಲಿದೆ, ಬಿಸಿನೀರಿನಲ್ಲಿ ಈ ಅಂಟು ಸಡಿಲವಾದರೆ ಮಾತ್ರ ನೂಲು ಬಿಚ್ಚಿಕೊಳ್ಳುತ್ತದೆ. ಒಂದು ಭಾಷೆ ಎಳೆಯನ್ನು ನೋಡಿತು, ಒಂದು ಗೂಡನ್ನು ನೋಡಿತು, ಒಂದು ಮಾರಾಟಗಾರನನ್ನು ನೋಡಿತು. ತಳಿಗನುಸಾರವಾಗಿ ಸುಮಾರು 300 ಮೀಟರಿನಿಂದ 1000 ಮೀಟರಿಗೂ ಮೀರಿ ಅಖಂಡವಾಗಿ ಬಿಚ್ಚಿಕೊಳ್ಳುವ ಆ ನೂಲನ್ನು ಬಲ್ಲವರು, ‘ಎಳೆ’ ಎಂದ ತುರ್ಕಿಯವರ ಕಣ್ಣು ಸೂಕ್ಷ್ಮವಾಗಿತ್ತೆಂದು ಒಪ್ಪುತ್ತಾರೆ.

ಟರ್ಕಿಯ ಬುರ್ಸಾ ನಗರಕ್ಕೂ ನಮ್ಮ ರಾಮನಗರಕ್ಕೂ ಇಲ್ಲಿ ಒಂದು ಹೋಲಿಕೆಯಿದೆ. ಏಷ್ಯದಲ್ಲಿಯೇ ಅತಿ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದ್ದರೆ, ಬುರ್ಸಾದಲ್ಲಿ 1491ರಲ್ಲಿ ಕಟ್ಟಿ ಮುಗಿಸಿದ ‘ಕೊಜಾ ಹಾನ್’ ಎಂಬ ವ್ಯಾಪಾರಿಗಳ ಛತ್ರವಿದೆ. ಕೊಜಾ ಎಂದರೆ ಗೂಡು. ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು: ಈ ‘ಹಾನ್’ ಅರಸೆಂಬರ್ಥದ ಖಾನ್ ಅಲ್ಲ. ಇದು ಮನೆ, ತಂಗುದಾಣ ಎಂಬರ್ಥದ ಪಾರಸಿ ಪದ. ನಮ್ಮ ಕಾರ್ಖಾನೆ, ದವಾಖಾನೆಗಳಲ್ಲಿರುವ ‘ಖಾನೆ’ಯ ಬಂಧು. ಕೇಳಲು ಒಂದೇ ಆದ ಮಾತ್ರಕ್ಕೆ ಎರಡು ಪದಗಳು ಒಂದಾಗುವುದಿಲ್ಲ.

ಕಿವಿಯ ಸಾಕ್ಷ್ಯವನ್ನು ನಂಬಿ ಕೆಟ್ಟವರು ಕಡಿಮೆಯಿಲ್ಲ. ತುರ್ಕಿಯಲ್ಲಿ ‘ಆನ್ನೆ’ ಎಂದರೆ ತಾಯಿ, ‘ದಾಯಿ’ ಎಂಬಂತೆ ಕೇಳುವ ಪದಕ್ಕೆ ಸೋದರಮಾವ ಎಂದರ್ಥ. ನಮ್ಮ ಅಣ್ಣ, ತಾಯಿಗಳನ್ನು ಇವುಗಳ ಪಕ್ಕದಲ್ಲಿಟ್ಟು ಎರಡು ಜನಾಂಗಗಳೂ ಒಂದೇ ತೊಟ್ಟಿಲಿನವೆಂದು ಪುಸ್ತಕ ಬರೆಯಬಹುದು. ಆದರೆ ಅದು ಆಕಸ್ಮಿಕ ಹೋಲಿಕೆ, ಅಷ್ಟೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ಲನಂಥ ಮಹಾವಿದ್ವಾಂಸನೂ ಪ್ರತ್ಯಯಗಳ ಜೋಡಣೆ ಮುಂತಾದ ಸಾಮ್ಯಗಳನ್ನು ಕಂಡು ದ್ರಾವಿಡಕ್ಕೂ ತುರ್ಕಿ ಮೊದಲಾದ ಭಾಷೆಗಳಿಗೂ ಬಂಧುತ್ವವಿರಬಹುದೆಂದು ಊಹಿಸಿದನು. ಅನಂತರದ ಭಾಷಾವಿಜ್ಞಾನವು ಆ ಊಹೆಯನ್ನು ಎತ್ತಿಹಿಡಿಯಲಿಲ್ಲ. ರಚನೆಯ ಸಾಮ್ಯ ಬೇರೆ, ವಂಶದ ಸಾಮ್ಯ ಬೇರೆ. ಬಾವಲಿಗೂ ಹದ್ದಿಗೂ ರೆಕ್ಕೆಗಳಿದ್ದರೂ ಅವು ಒಂದೇ ವರ್ಗದ ಪ್ರಾಣಿಗಳಲ್ಲವಷ್ಟೆ. ಊರ ಹೆಸರುಗಳಲ್ಲಿಯೂ ಇದೇ ಪಾಠವಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬೆಂಗಳೂರಾಯಿತೆಂಬ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಆ ಅರಸನಿಗಿಂತ ಸುಮಾರು 300 ವರ್ಷ ಹಿಂದಿನ, 9ನೆಯ ಶತಮಾನದ ಕೊನೆಯ ಬೇಗೂರಿನ ವೀರಗಲ್ಲು ಬೆಂಗಳೂರನ್ನು ಹೆಸರಿಸುತ್ತದೆ. ಕಲ್ಲು ಮಾತನಾಡಿದ ಮೇಲೆ ಕಥೆಯು ಕಥೆಯಾಗಿಯೇ ಉಳಿಯಬೇಕು.

ಇಷ್ಟೆಲ್ಲ ಏಕೆ, ಪರಭಾಷೆಯ ಹೆಸರುಗಳನ್ನೇ ಬಿಟ್ಟು ಅಚ್ಚಗನ್ನಡದವನ್ನು ಮಾತ್ರ ಇಟ್ಟುಕೊಂಡರಾಗದೆ ಎಂದು ಕೇಳುವವರಿದ್ದಾರೆ. ಕನ್ನಡದ ಹೆಸರುಗಳು ಹೆಚ್ಚಲಿ ಎಂಬ ಬಯಕೆ ಒಳ್ಳೆಯದೇ. ಹೊನ್ನಮ್ಮ, ಚೆನ್ನಮ್ಮ, ಮಲ್ಲಿಗೆಗಳಿಗಿಂತ ಇಂಪಾದುವು ಯಾವುವು? ಆದರೆ ಇದು ಒತ್ತಾಯದ ವಿಷಯವಾಗಬಾರದು. ನಮ್ಮ ವ್ಯಾಕರಣವು ಪದಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯಗಳೆಂದು ವಿಂಗಡಿಸುವುದು ಅವುಗಳನ್ನು ತಿಳಿಯುವುದಕ್ಕಾಗಿ, ಹೊರಹಾಕುವುದಕ್ಕಾಗಿ ಅಲ್ಲ. ಅನ್ಯದೇಶ್ಯವನ್ನೆಲ್ಲ ಕಳೆದರೆ ರೇಷ್ಮೆ ಎಂಬ ಪದವೇ ಹೋಗುತ್ತದೆ. ಆಗ ರಾಮನಗರದ ಮಾರುಕಟ್ಟೆಯ ಹಲಗೆಯ ಮೇಲೆ ಏನು ಬರೆಯುವುದು?

ವಿದ್ಯಾರ್ಥಿಗಳಿಗೆ ನನ್ನ ಸೂಚನೆ ಇಷ್ಟೆ. ನಿಮ್ಮ ಊರಿನ ಹೆಸರುಗಳನ್ನು, ಅವುಗಳ ಒಡೆಯರ ವಿವರಗಳನ್ನು ಬಿಟ್ಟು, ಪದಗಳಾಗಿ ಮಾತ್ರ ಸಂಗ್ರಹಿಸಿರಿ. ಪ್ರತಿಯೊಂದು ಹೆಸರಿಗೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿರಿ. ಇದರ ಅರ್ಥವೇನು? ಇದು ಯಾವ ಭಾಷೆಯಲ್ಲಿ, ಯಾವ ಪ್ರಕೃತಿ ಪ್ರತ್ಯಯಗಳಿಂದ ಹುಟ್ಟಿತು? ಇದು ಯಾವ ದಾರಿಯಿಂದ ನಮ್ಮೂರಿಗೆ ಬಂದಿತು? ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಬಳಸಬೇಡಿ. ನಿಘಂಟನ್ನೂ ಶಾಸನವನ್ನೂ ಕೇಳಿರಿ. ಮಗುವಿಗೆ ಹೆಸರು ಹುಡುಕುವವರಿಗಾಗಿ ಅಚ್ಚಾಗುವ, ಪ್ರತಿಯೊಂದು ಹೆಸರಿಗೂ ‘ಸುಂದರಿ’ ಎಂದೋ ‘ರಾಜಕುಮಾರಿ’ ಎಂದೋ ಅರ್ಥ ಬರೆಯುವ ಪಟ್ಟಿಗಳನ್ನು ದೂರವಿಡಿ. ನಾಲ್ಕನೆಯದೊಂದು ಪ್ರಶ್ನೆಯಿದೆ: ಈ ಹೆಸರಿನವರು ನಮ್ಮವರೋ ಅಲ್ಲವೋ ಎಂಬುದು. ಆ ಪ್ರಶ್ನೆಗೆ ಹೆಸರಿನಲ್ಲಿ ಉತ್ತರವಿಲ್ಲ. ಅದನ್ನು ಹೆಸರಿನಲ್ಲಿ ಹುಡುಕದಿರುವುದೇ ಈ ಶಾಸ್ತ್ರವು ಕಲಿಸುವ ಮೊದಲ ಶಿಸ್ತು.